ಅಡುಗೆಮನೆಯಲ್ಲೇ ಮಾತಿನ ಪಾಠ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಮಕ್ಕಳಿಗೆ ಸ್ಪೀಚ್ ಥೆರಪಿ ಮಾಡುವುದು ನನ್ನ ಕೆಲಸ. 2020ರ ಶುರುವಿನಲ್ಲಿ ಒಬ್ಬ ತಾಯಿ ಕೆಂಗೇರಿ ಕಡೆಯಿಂದ ಐದು ವರ್ಷದ ಮಗನನ್ನು ಕರೆದುಕೊಂಡು ಬರುತ್ತಿದ್ದರು. ಎರಡು ಬಸ್ಸು ಹತ್ತಿ, ಮೈಸೂರು ರಸ್ತೆಯ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಹುಡುಗನಿಗೆ ನಿದ್ದೆ. ಎಬ್ಬಿಸಿದರೆ ಅಳು. ಅರ್ಧ ಪಾಠ ಅವನನ್ನು ಸಮಾಧಾನ ಮಾಡುವುದರಲ್ಲೇ ಮುಗಿಯುತ್ತಿತ್ತು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಬೇರೆ ದಾರಿ ಇಲ್ಲದೆ ವಿಡಿಯೋ ಕಾಲ್ ಶುರು ಮಾಡಿದೆವು.

ಮೊದಲ ದಿನ ಅವರು ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟಿದ್ದರು. ಹಿಂದೆ ಅಜ್ಜಿ ಒಗ್ಗರಣೆ ಹಾಕುತ್ತಿದ್ದರು. ಹುಡುಗ ತಟ್ಟೆ ಹಿಡಿದು, "ಅಜ್ಜಿ, ತಾಲು" ಅಂದ. 'ಸಾರು' ಅನ್ನುವುದಕ್ಕೆ 'ತಾಲು'. ಅಜ್ಜಿ ತಿರುಗಿಯೂ ನೋಡದೆ ಸೌಟು ಎತ್ತಿ ಬಡಿಸಿದರು. ಮನೆಯವರಿಗೆಲ್ಲ ಅವನ ಮಾತು ರೂಢಿಯಾಗಿಬಿಟ್ಟಿತ್ತು! ನನ್ನ ರೂಮಿನಲ್ಲಿ ಚಿತ್ರದ ಕಾರ್ಡ್ ಹಿಡಿದು ಕೂತಾಗ ಇದು ನನಗೆ ಗೊತ್ತಾಗಿರಲೇ ಇಲ್ಲ.

ಅವತ್ತೇ ಕಾರ್ಡ್ ಬದಿಗಿಟ್ಟೆವು. ಸಾರು, ಸೌಟು, ಸಾಸಿವೆ, ಸೊಪ್ಪು, ಸಕ್ಕರೆ. ಆ ಅಡುಗೆಮನೆಯಲ್ಲಿ 'ಸ'ಗೆ ಏನೂ ಬರ ಇರಲಿಲ್ಲ. ಕುಕ್ಕರ್ ಕೂಗುವ ಮೊದಲು 'ಸ್ಸ್' ಅಂತ ಆವಿ ಬಿಡುತ್ತದಲ್ಲ, ಹಾಗೆ ಹಲ್ಲು ಕೂಡಿಸಿ ಗಾಳಿ ಬಿಡೋ ಅಂತ ಹುಡುಗನಿಗೆ ಹೇಳಿದೆ. ಅಜ್ಜಿಗೂ ಒಂದು ಮಾತು ಹೇಳಿದೆ: "ಅಮ್ಮಾ, ಅವನನ್ನು ಬೈಯಬೇಡಿ, ಮತ್ತೆ ಹೇಳು ಅಂತ ಪೀಡಿಸಬೇಡಿ. ತಾಲು ಅಂದರೆ, ಸಾರು ಬೇಕಾ ಕಂದಾ, ಬಿಸಿ ಸಾರು, ಅಂತ ನೀವೇ ಸ್ವಲ್ಪ ಎಳೆದು ಹೇಳಿ ಬಡಿಸಿ." ಅಜ್ಜಿ ದಿನಾ ಮೂರು ಹೊತ್ತೂ ಹಾಗೇ ಮಾಡಿದರು. ವಾರಕ್ಕೆ ಎರಡು ದಿನ ಬರುವ ಮಗುವಿಗೆ ನಾನು ಎಷ್ಟೇ ಹೆಣಗಿದರೂ ಅಷ್ಟು ಅಭ್ಯಾಸ ಮಾಡಿಸಲಾಗದು.

ಫೋನಿಗೂ ಮಿತಿ ಇದೆ. 'ಸ' ಬರೀ ಗಾಳಿಯ ಸದ್ದು. ಅದರ ಬಲವೆಲ್ಲ ಹೆಚ್ಚಾಗಿ 4000 ಹರ್ಟ್ಜ್‌ನಿಂದ ಮೇಲೆ (ಸದ್ದು ಎಷ್ಟು ಕೀರಲು ಅನ್ನುವುದರ ಅಳತೆ ಹರ್ಟ್ಜ್). ಹಳೆಯ ರೀತಿಯ ಫೋನ್ ಕರೆಯಲ್ಲಿ ದಾಟಿ ಬರುವುದು ಸುಮಾರು 3400 ಹರ್ಟ್ಜ್‌ವರೆಗೆ ಮಾತ್ರ. ವಿಡಿಯೋ ಕಾಲ್ ವಾಸಿ. ಆದರೆ ಅದರಲ್ಲೂ ಸುತ್ತಲಿನ ಗದ್ದಲ ಅಳಿಸುವಾಗ 'ಸ' ಕೂಡ ಅಳಿಸಿಹೋಗುವುದುಂಟು. ಅದಕ್ಕೇ ಫೋನಿನಲ್ಲಿ ಚಿಕ್ಕ ವಿಡಿಯೋ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ ಅನ್ನುತ್ತೇನೆ. ಬೆಳಕು ಮಗುವಿನ ಮುಖಕ್ಕೆ ಬೀಳಲಿ. ಕಿಟಕಿ ಬೆನ್ನ ಹಿಂದೆ ಇದ್ದರೆ ನಾಲಿಗೆ ಕಾಣುವುದೇ ಇಲ್ಲ.

ಇನ್ನೂ ಚಿಕ್ಕ ಮಕ್ಕಳಾದರೆ ಫೋನನ್ನು ತೋರಿಸುವುದೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಮ್ಮಿ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅಂಥ ಮನೆಗಳಲ್ಲಿ ಫೋನ್ ದೂರದ ಶೆಲ್ಫಿನ ಮೇಲೆ ಇರುತ್ತದೆ, ಅಮ್ಮನ ಕಿವಿಯಲ್ಲಿ ಇಯರ್‌ಫೋನ್. ಅಮ್ಮ ಚೆಂಡು ಹಿಡಿದು ಮಗುವಿನ ಎದುರು ಕೂರುತ್ತಾರೆ. "ಈಗ ಏನೂ ಹೇಳಬೇಡಿ, ಸುಮ್ನೆ ಐದು ಎಣಿಸಿ" ಅಂತ ನಾನು ಕಿವಿಯಲ್ಲಿ ಹೇಳುತ್ತೇನೆ. ಆ ಐದು ಎಣಿಸುವುದೇ ತುಂಬ ಕಷ್ಟ. ಮಗುವಿನ ಬದಲು ತಾನೇ "ಚೆಂಡು ಬೇಕಾ" ಅಂತ ಕೇಳಿಬಿಡುವುದು ಎಲ್ಲ ಅಮ್ಮಂದಿರ ರೂಢಿ. ಕಾದರೆ ಮಗು ಕೈ ಚಾಚುತ್ತದೆ, ಕಣ್ಣು ಕೂಡಿಸುತ್ತದೆ. ಒಂದು ದಿನ "ಚೆಂ" ಅನ್ನುತ್ತದೆ.

ಆದರೆ ಕಿವಿ ಪರೀಕ್ಷೆಗೆ ನೇರವಾಗಿಯೇ ಬರಬೇಕು. ಸೀಳು ಅಂಗುಳ ಇದ್ದರೆ, ಊಟ ನುಂಗುವಾಗ ನೆತ್ತಿಗೇರುತ್ತಿದ್ದರೆ ಕೂಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎರಡು ವರ್ಷ ತುಂಬಿದರೂ "ಅಮ್ಮ ಬಾ", "ಹಾಲು ಬೇಕು" ಅಂತ ಎರಡು ಪದ ಕೂಡಿಸುತ್ತಿಲ್ಲವಾದರೆ ತೋರಿಸಿ. ಗಂಡು ಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ ಇದ್ದ ಅನ್ನುತ್ತಾ ಕೂರಬೇಡಿ. ಆ ಮಾತು ನಂಬಿ ವರ್ಷಗಟ್ಟಲೆ ಕಾದವರನ್ನು ನಾನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಕೆಂಗೇರಿಯ ಅಜ್ಜಿ ಒಂದು ರಾತ್ರಿ ಮಗಳ ಫೋನಿನಿಂದ ತಾವೇ ವಿಡಿಯೋ ಕಳಿಸಿದರು. ತಟ್ಟೆ, ಸೌಟು, ಅರ್ಧ ಮುಖ. "ಅಜ್ಜಿ, ಸಾಲು ಹಾಕು." 'ಸ' ಬಂದಿತ್ತು. 'ರ' ಇನ್ನೂ ಬಂದಿರಲಿಲ್ಲ. ಅದು ಮಕ್ಕಳ ಬಾಯಿಗೆ ತಡವಾಗಿ ಬರುವ ಅಕ್ಷರ. ಅದನ್ನು ಶನಿವಾರ ನೋಡೋಣ ಅಂತ ಅಜ್ಜಿಗೆ ವಾಯ್ಸ್ ಮೆಸೇಜ್ ಕಳಿಸಿದೆ.

ನಮಸ್ಕಾರ.