ಮಗಳ ಇನ್ಸುಲಿನ್ ಮುಚ್ಚಿಡುವ ವಸ್ತುವಲ್ಲ

ನಮಸ್ಕಾರ. ಮಂಡ್ಯದಿಂದ ಮಾತನಾಡುತ್ತಿದ್ದೇನೆ. ನನ್ನ ಮಗಳಿಗೆ ಟೈಪ್ ಒನ್ ಮಧುಮೇಹ ಇದೆ. ಇದನ್ನು ಹೀಗೆ ಊರಿಗೆಲ್ಲ ಕೇಳುವಂತೆ ಹೇಳಬೇಡ ಎಂದು ಬುದ್ಧಿ ಹೇಳಿದವರು ಬೇರೆ ಯಾರೂ ಅಲ್ಲ, ನಮ್ಮ ಮನೆಯವರೇ. "ಹೆಣ್ಣು ಮಗು ಕಣವ್ವ, ನಾಳೆ ಗಂಡಿನ ಕಡೆಯವರು ಬಂದರೆ ಏನು ಹೇಳುತ್ತೀಯ?" ಎಂದು ದೊಡ್ಡಮ್ಮ ಕೇಳಿದರು. ಮಗಳು ಇನ್ನೂ ಮಗ್ಗಿ ಬಾಯಿಪಾಠ ಮಾಡುವ ವಯಸ್ಸಿನವಳು. ಅಷ್ಟರಲ್ಲೇ ಗಂಡಿನ ಕಡೆಯವರು ನಮ್ಮ ಪಡಸಾಲೆಯಲ್ಲಿ ಬಂದು ಕುಳಿತಾಗಿತ್ತು!

ಮುಚ್ಚಿಡಬೇಕು ಎನ್ನುವವರ ಮನಸ್ಸಿನಲ್ಲಿ ಇದು ಯಾರದೋ ತಪ್ಪಿನಿಂದ ಬಂದದ್ದು ಎಂಬ ಗುಮಾನಿ ಇರುತ್ತದೆ. ಬಸುರಿಯಾಗಿದ್ದಾಗ ನಾನು ಮಾವಿನಹಣ್ಣು ಹೆಚ್ಚು ತಿಂದೆನಂತೆ. ಮಗುವಿಗೆ ಚಾಕೊಲೇಟ್ ಕೊಟ್ಟೆವಂತೆ. ಎರಡೂ ಕಾರಣವಲ್ಲ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಇನ್ಸುಲಿನ್. ಮೇದೋಜೀರಕ ಗ್ರಂಥಿಯಲ್ಲಿ ಅದನ್ನು ತಯಾರಿಸುವ ಬೀಟಾ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶ ಮಾಡುತ್ತದೆ. ಹಾಗಾದ ಮೇಲೆ ಇನ್ಸುಲಿನ್ ಹೊರಗಿನಿಂದಲೇ ಬರಬೇಕು. ಅದು ಪ್ರೋಟೀನ್, ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ, ಅದಕ್ಕೇ ಸೂಜಿ. "ಸೂಜಿ ಅಭ್ಯಾಸವಾಗಿಬಿಡುತ್ತದೆ, ಹಾಗಲಕಾಯಿ ರಸ ಕುಡಿಸಿ ನಿಲ್ಲಿಸು" ಎನ್ನುವವರಿಗೆ ಒಂದು ಮಾತು. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಹಿಂದೆ ಈ ಕಾಯಿಲೆ ಬಂದ ಮಕ್ಕಳು ಸೊರಗಿ ಸೊರಗಿ ಸಾಯುತ್ತಿದ್ದರು. ಹಾಗಲಕಾಯಿ ಆಗಲೂ ಇತ್ತು.

ಶಾಲೆಯ ಕಥೆಗೆ ಬರುತ್ತೇನೆ. ಮೊದಲು ಸೇರಿಸಿದ್ದ ಶಾಲೆಯಲ್ಲಿ, "ಸೂಜಿ ನೋಡಿ ಬೇರೆ ಮಕ್ಕಳು ಹೆದರುತ್ತಾರೆ, ಶೌಚಾಲಯದಲ್ಲಿ ಹಾಕಿಕೊಳ್ಳಲಿ" ಎಂದರು. ಊಟಕ್ಕೆ ಮುಂಚಿನ ಔಷಧಿಯನ್ನು ಶೌಚಾಲಯದಲ್ಲಿ! ಹಾಗೆ ಹೇಳಿದವರು ತಮ್ಮ ಬಿ.ಪಿ. ಮಾತ್ರೆಯನ್ನು ಅಲ್ಲಿ ನಿಂತು ನುಂಗುತ್ತಾರೆಯೇ? ಶಾಲೆಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿಂಡಿ ತಿನ್ನಲು ಇಂಥ ಮಕ್ಕಳಿಗೆ ಅವಕಾಶ ಕೊಡಬೇಕು ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ. ಅದನ್ನು ಮುದ್ರಿಸಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಕಾಗದ ಕಂಡರೆ ನಮ್ಮಲ್ಲಿ ದನಿ ತಗ್ಗುತ್ತದೆ.

ಆದರೆ ನನ್ನ ಭಯ ಸೂಜಿಯದಲ್ಲ, ರಕ್ತದ ಸಕ್ಕರೆ ಇಳಿಯುವುದರದು. ಅದು 70ಕ್ಕಿಂತ ಕೆಳಗೆ ಹೋದರೆ ಮಗು ಬೆವರುತ್ತದೆ, ನಡುಗುತ್ತದೆ, ಕೇಳಿದ್ದಕ್ಕೆ ಏನೋ ಉತ್ತರ ಕೊಡುತ್ತದೆ. ವಿಷಯ ಗೊತ್ತಿಲ್ಲದ ಮೇಷ್ಟರಿಗೆ ಅದು ಸೋಮಾರಿತನ, ಇಲ್ಲವೇ ಅಧಿಕಪ್ರಸಂಗ. ಗೊತ್ತಿದ್ದವರಿಗೆ ಕೆಲಸ ಸಣ್ಣದು: 15 ಗ್ರಾಂ ಗ್ಲೂಕೋಸ್ ಕೊಡಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ, ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಇಷ್ಟನ್ನು ತಿಳಿಸದೆ ಗುಟ್ಟು ಕಾಪಾಡಿದರೆ ಆ ಗುಟ್ಟಿಗೆ ಮಗುವನ್ನೇ ತೆರಬೇಕಾದೀತು.

ಅರ್ಧ ತಿಳಿದವರ ಕಾಟ ಇನ್ನೊಂದು. ಸಂಕ್ರಾಂತಿಗೆ ಎಳ್ಳು ಬೀರಲು ಹೋದ ಮನೆಯಲ್ಲಿ ಎಲ್ಲ ಮಕ್ಕಳ ಕೈಗೂ ಸಕ್ಕರೆ ಅಚ್ಚು ಬಂತು, ಇವಳಿಗೆ "ಪಾಪ, ನಿನಗೆ ಬೇಡ" ಬಂತು. ಅವರೇ ಮಧ್ಯಾಹ್ನ ಎರಡು ಮುದ್ದೆ ಬಡಿಸಿ "ರಾಗಿ ತಾನೇ, ಏನೂ ಆಗುವುದಿಲ್ಲ" ಎಂದರು. ರಾಗಿ ಹಿಟ್ಟಿನ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಪಿಷ್ಟವೇ, ಅದೂ ದೇಹದಲ್ಲಿ ಸಕ್ಕರೆಯೇ ಆಗುತ್ತದೆ. ಬೆಲ್ಲವೂ ಸಕ್ಕರೆಯೇ, ಆಲೆಮನೆಗಳ ಜಿಲ್ಲೆಯಲ್ಲಿ ಇದನ್ನು ಹೇಳಿದರೆ ಜಗಳಕ್ಕೆ ಬರುತ್ತಾರೆ. ನನ್ನ ಮಗಳು ಮುದ್ದೆಯನ್ನೂ ತಿನ್ನಬಹುದು, ಅಚ್ಚನ್ನೂ ತಿನ್ನಬಹುದು. ಎಷ್ಟು ತಿನ್ನುತ್ತಾಳೋ ಅಷ್ಟಕ್ಕೆ ಲೆಕ್ಕ ಹಾಕಿ ಇನ್ಸುಲಿನ್ ಕೊಡಬೇಕು, ಅಷ್ಟೇ. ನಮ್ಮ ಅಡುಗೆಮನೆಯಲ್ಲಿ ತಕ್ಕಡಿ ಇರುವುದು ಅದಕ್ಕೇ. ಮುದ್ದೆಯ ಗಾತ್ರ ಕಣ್ಣಳತೆಗೆ ಸಿಗುವುದಿಲ್ಲ, ನಮ್ಮ ಅತ್ತೆಯ ಮುದ್ದೆ ಎಂದರೆ ನನ್ನ ಎರಡು ಮುದ್ದೆ.

ಈಗ ದೊಡ್ಡಮ್ಮನ ಪ್ರಶ್ನೆಗೆ ಬರೋಣ. ಟೈಪ್ ಒನ್ ಇರುವ ಹೆಣ್ಣುಮಕ್ಕಳು ಓದುತ್ತಾರೆ, ದುಡಿಯುತ್ತಾರೆ, ಮದುವೆಯಾಗುತ್ತಾರೆ, ವೈದ್ಯರ ನಿಗಾದಲ್ಲಿ ಮಕ್ಕಳನ್ನೂ ಹೆರುತ್ತಾರೆ. ಮುಚ್ಚಿಟ್ಟೇ ಮದುವೆ ಮಾಡಿದೆವು ಎಂದುಕೊಳ್ಳಿ. ಇನ್ಸುಲಿನ್ ದಾಸ್ತಾನನ್ನು ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಇಡಬೇಕು. ಗಂಡನ ಮನೆಯ ಫ್ರಿಜ್‌ನಲ್ಲಿ ಅದನ್ನು ಯಾವ ಡಬ್ಬಿಯ ಹಿಂದೆ ಇಡಲಿ ಅವಳು? ದಿನಕ್ಕೆ ನಾಲ್ಕೈದು ಬಾರಿ ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳಲೇ? ನೆಂಟರು ಕುಳಿತಿದ್ದಾರೆಂದು ಒಂದು ಹೊತ್ತು ಬಿಟ್ಟು, ಇನ್ನೊಂದು ಹೊತ್ತು ಬಿಟ್ಟು, ರಕ್ತದಲ್ಲಿ ಆಮ್ಲ ಏರಿ ವಾಂತಿ, ಏದುಸಿರು ಶುರುವಾದಾಗ ಆಸ್ಪತ್ರೆಯಲ್ಲಿ ಎಲ್ಲರಿಗೂ ತಿಳಿಯಲೇ? ಗುಟ್ಟಾಗಿ ಬದುಕಬೇಕಾದ ಮನೆಗೆ ನಾನು ಮಗಳನ್ನು ಕೊಡುವುದಿಲ್ಲ ದೊಡ್ಡಮ್ಮ.

ನಿಮ್ಮ ಮಗುವಿಗೆ ಈಚೆಗೆ ಟೈಪ್ ಒನ್ ಎಂದು ಗೊತ್ತಾಗಿದ್ದರೆ, ತರಗತಿಯ ಶಿಕ್ಷಕಿ, ಶಾಲಾ ವಾಹನದ ಚಾಲಕ, ಪಕ್ಕದ ಮನೆಯವರು, ಈ ಮೂವರಿಗೆ ಈ ವಾರವೇ ಹೇಳಿ. ಒಂದೊಂದು ಗ್ಲೂಕೋಸ್ ಪೊಟ್ಟಣವನ್ನೂ ಕೊಟ್ಟು ಬನ್ನಿ.