ಬೆಕ್ಕಿನ ಕತೆಯಲ್ಲಿ ಅಪ್ಪನ ಚಪ್ಪಲಿ

ಎಲ್ಲರಿಗೂ ನಮಸ್ಕಾರ. ಹಿಂದ್ಗಡೆ ಕೇಳಿಸ್ತಾ ಇದೆಯಾ? ಸರಿ. ಮೆಗಾ ಬ್ಲಾಕ್ ಅಂತ ರಿಪೇರಿಗೆ ಲೋಕಲ್ ಟ್ರೇನ್ ನಿಲ್ಲಿಸಿರೋ ಭಾನುವಾರ, ಹೊರಗೆ ಈ ಮಳೆ, ಆದ್ರೂ ಡೊಂಬಿವಲಿ ಕಲ್ಯಾಣ್ ಕಡೆಯಿಂದೆಲ್ಲ ಮಾಟುಂಗಾ ತನಕ ಬಂದಿದ್ದೀರಿ, ದೊಡ್ಡ ಮಾತು. ಅರ್ಧ ಜನ ಇಲ್ಲಿನ ಇಡ್ಲಿ ಕಾಫಿಗೆ ಬಂದಿರ್ತೀರಿ ಅಂತ ಗೊತ್ತು, ನಾನೂ ಹಂಗೇ ಬಂದಿದ್ದು, ಭಾಷಣ ಆಮೇಲೆ ಅಂಟ್ಕೊಂಡಿದ್ದು.

ಮಕ್ಕಳು ಅರ್ಥ ಮಾಡ್ಕೊಂಡು ಓದೋಕೆ ಪುಸ್ತಕದ ಚಿತ್ರ ಹೆಂಗೆ ನೆರವಾಗುತ್ತೆ ಅನ್ನೋದು ಟೀಚರ್‌ಗಳಾದ ನಮ್ಮ ಇವತ್ತಿನ ಮಾತು. ಮೊದಲೇ ಒಂದು ತಪ್ಪು ಒಪ್ಕೊಂಡ್ಬಿಡ್ತೀನಿ. ಈ ಮುಂಬೈನಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ಇಪ್ಪತ್ತಾರು ವರ್ಷ ಪಾಠ ಮಾಡಿದೀನಿ, ಅದ್ರಲ್ಲಿ ಮೊದಲ ಹತ್ತು ವರ್ಷ ಮಗು ಓದೋಕೆ ನಿಂತ್ರೆ ಸಾಕು, ನನ್ನ ಎಡಗೈ ತಾನಾಗೇ ಹೋಗಿ ಪುಸ್ತಕದ ಚಿತ್ರ ಮುಚ್ತಿತ್ತು. "ಚಿತ್ರ ನೋಡ್ಬೇಡ, ಅಕ್ಷರ ನೋಡು." ಯಾಕಂದ್ರೆ ಕೆಳಗೆ "ಬಸವ" ಅಂತ ಬರೆದಿರುತ್ತೆ, ಮಗು ಚಿತ್ರ ನೋಡಿ ಜೋರಾಗಿ "ಎತ್ತು" ಅನ್ನುತ್ತೆ, ನಂಗೆ ಸಿಟ್ಟು. ಮಗು ಕಳ್ಳಾಟ ಆಡ್ತಿದೆ ಅಂತ ಅಂದ್ಕೊಂಡಿದ್ದೆ. ಇಲ್ಲಿ ಎಷ್ಟು ಜನರ ಎಡಗೈಗೆ ಈ ಅಭ್ಯಾಸ ಇದೆ? ಕೈ ಎತ್ತಬೇಡಿ, ಮುಖ ನೋಡಿದ್ರೇ ಗೊತ್ತಾಗ್ತಿದೆ.

ಈಗ ಒಂದು ಸಣ್ಣ ಪರೀಕ್ಷೆ. ನಾನೊಂದು ಪಾಠ ಓದ್ತೀನಿ, ಗಮನ ಕೊಡಿ. "ಗಿಲ್ಕನು ಮೊಸಪಕ್ಕೆ ಹೋದನು. ಅಲ್ಲಿ ಎರಡು ತುರ್ಬ ಕೊಂಡನು." ಪ್ರಶ್ನೆ ಒಂದು, ಗಿಲ್ಕನು ಎಲ್ಲಿಗೆ ಹೋದನು? ಹಾಂ, ಮೊಸಪಕ್ಕೆ. ಎಷ್ಟು ತುರ್ಬ ಕೊಂಡನು? ಎರಡು. ವೆರಿ ಗುಡ್, ಎಲ್ಲರೂ ಪಾಸ್. ಈಗ ತುರ್ಬ ಅಂದ್ರೇನು ಹೇಳಿ ನೋಡೋಣ! ಗೊತ್ತಿಲ್ಲ, ನಂಗೂ ಗೊತ್ತಿಲ್ಲ, ಬೆಳಿಗ್ಗೆ ಸಯನ್ ಸ್ಟೇಷನ್ನಲ್ಲಿ ಕೂತು ಹುಟ್ಟಿಸಿದ ಪದ. ಆದ್ರೂ ನೂರಕ್ಕೆ ನೂರು ಬಂತಲ್ಲ. ನಮ್ಮ ಕ್ಲಾಸ್‌ಗಳಲ್ಲಿ ಗಡಗಡ ಓದ್ತಾನೆ, ಚೆನ್ನಾಗಿ ಓದ್ತಾನೆ ಅಂತ ನಾವು ಹೊಗಳೋ ಎಷ್ಟೋ ಮಕ್ಕಳು ನಾಲ್ಕನೇ ಕ್ಲಾಸ್ ತನಕ ಗಿಲ್ಕನ ಜೊತೆ ಮೊಸಪಕ್ಕೆ ಹೋಗಿ ಬರ್ತಿರ್ತಾರೆ ಅಷ್ಟೇ.

ನಮ್ಮಲ್ಲಿ ಇದು ಇನ್ನೂ ಜಾಸ್ತಿ. ನಮ್ಮ ಮಕ್ಕಳಿಗೆ ಮನೇಲಿ ತುಳು, ಗಲ್ಲೀಲಿ ಹಿಂದಿ, ಗೆಳೆಯರ ಜೊತೆ ಮರಾಠಿ, ಪುಸ್ತಕದಲ್ಲಿ ಮಾತ್ರ ಕನ್ನಡ. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತೆ, ಕನ್ನಡ ಅದರಲ್ಲಿ ಒಂದು, ಆದ್ರೆ ಒಂದೇ ಬೆಂಚಲ್ಲಿ ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗ, ಪಕ್ಕದಲ್ಲಿ ಕುಂದಾಪುರದ ಹೋಟೆಲಿನವರ ಮಗಳು ಕೂತ್ರೆ ಅದು ಒಂದು ಕನ್ನಡ ಅಲ್ಲ, ಎರಡು ಕನ್ನಡ, ಮತ್ತೆ ಪಾಠದ ಪುಸ್ತಕದ್ದು ಮೂರನೇದು. 1986ರಲ್ಲಿ ಗಫ್ ಮತ್ತು ಟನ್ಮರ್ ಅಂತ ಇಬ್ಬರು ಸಂಶೋಧಕರು ಇದನ್ನ ಒಂದು ಲೆಕ್ಕದ ಥರ ಹೇಳಿದ್ರು: ಅಕ್ಷರ ಬಿಡಿಸೋ ಶಕ್ತಿ ಗುಣಿಸು ಭಾಷೆ ತಿಳ್ಕೊಳ್ಳೋ ಶಕ್ತಿ, ಬರೋ ಉತ್ತರ ಓದಿನ ಅರ್ಥಗ್ರಹಣ. ಕೂಡೋದಲ್ಲ ನೋಡಿ, ಗುಣಿಸೋದು. ಒಂದ್ಕಡೆ ಸೊನ್ನೆ ಇದ್ರೆ ಇನ್ನೊಂದ್ಕಡೆ ಎಷ್ಟಿದ್ರೂ ಸೊನ್ನೆ. ನಾವು ಕಾಗುಣಿತದ ಕಡೆ ವರ್ಷಗಟ್ಲೆ ಬೆವರು ಸುರಿಸ್ತೀವಿ, ಇನ್ನೊಂದು ಕಡೆ ಸೊನ್ನೆ ಹಂಗೇ ಕೂತಿರುತ್ತೆ, ಆಮೇಲೆ ಮಗುವಿಗೆ ತಲೆ ಇಲ್ಲ ಅಂತೀವಿ.

ನನ್ನ ಎಡಗೈ ಬುದ್ಧಿ ಕಲಿತದ್ದು ಹೆಂಗೆ ಅಂತ ಹೇಳ್ತೀನಿ. ಈ ಕತೆ ಕೇಳಿದವರು ಇಲ್ಲಿ ನಾಲ್ಕೈದು ಜನ ಇದ್ದೀರಿ, ಇನ್ನೊಂದ್ಸಲ ಕೇಳಿ, ಏನೂ ನಷ್ಟ ಇಲ್ಲ.

ಒಂದು ವರ್ಷ ಶಾಲೇಲಿ ಕಥೆ ಪುಸ್ತಕ ಅಂತ ಒಂದೂ ಇರ್ಲಿಲ್ಲ. ಅದಕ್ಕೆ ನಾವೇ ಡ್ರಾಯಿಂಗ್ ಶೀಟ್ ಮಡಚಿ, ದಬ್ಬಣದಲ್ಲಿ ಹೊಲಿದು ಎಂಟು ಪುಟದ ಪುಸ್ತಕ ಮಾಡಿದ್ವಿ. ಕಥೆ ನಂದು, ಚಿತ್ರ ನಮ್ಮ ಡ್ರಾಯಿಂಗ್ ಸರ್‌ದು. ಕಥೆ ಅಂದ್ರೆ ಏನು ಮಹಾ, ಮಳೇಲಿ ನೆಂದ ಒಂದು ಬೆಕ್ಕು ಚಾಳಿನ ಮನೆ ಬಾಗಿಲಿಗೆ ಬರುತ್ತೆ, ಅಮ್ಮ ಹಾಲು ಹಾಕ್ತಾಳೆ, ಮುಗೀತು. ಎರಡನೇ ಪುಟದಲ್ಲಿ "ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಳು." ನಾಲ್ಕನೇ ಪುಟದಲ್ಲಿ "ಅಮ್ಮ ಬಾಗಿಲು ತೆಗೆದಳು." ನಾಲ್ಕನೇ ಪುಟದ ಚಿತ್ರ ಹೇಳ್ತೀನಿ ಕೇಳಿ: ಬಾಗಿಲು, ಆಚೆ ನೀಲಿ ಗೀಟು ಗೀಟಾಗಿ ಮಳೆ, ಒಳಗೆ ಗೋಡೆ ಮೊಳೆಗೆ ನೇತಾಕಿರೋ ಕರಿ ಛತ್ರಿ, ಅದರ ತುದೀಲಿ ಮೂರು ಹನಿ, ಕೆಳಗೆ ಒಂದು ಜೊತೆ ದೊಡ್ಡ ಚಪ್ಪಲಿ.

ಎರಡನೇ ಕ್ಲಾಸು. ನಾನು ಪುಸ್ತಕ ಎತ್ತಿ ಹಿಡ್ಕೊಂಡು ಓದ್ತಿದ್ದೀನಿ, ಕೈ ಚಿತ್ರದ ಮೇಲಿಲ್ಲ, ಯಾಕಂದ್ರೆ ಎರಡೂ ಕೈಲಿ ಪುಸ್ತಕ ಹಿಡಿದಿದ್ದೆ, ಅದೊಂದೇ ಕಾರಣ. ಆ ಯಾದಗಿರಿ ಹುಡುಗ, ಅವತ್ತಿನ ತನಕ ಕ್ಲಾಸಲ್ಲಿ ಬಾಯೇ ಬಿಟ್ಟಿರ್ಲಿಲ್ಲ, ಎದ್ದು ನಿಂತ. "ಟೀಚರ್, ಪಪ್ಪ ಬಂದಾನ್ರೀ."

ನಾನು ಅಂದೆ, ಇಲ್ಲಪ್ಪಾ, ಇದು ಬೆಕ್ಕಿನ ಕತೆ, ಪಪ್ಪ ಎಲ್ಲಿ ಬಂದ? ಅವನು ಮುಂದೆ ಬಂದು ಚಪ್ಪಲಿ ಮೇಲೆ ಬೆರಳಿಟ್ಟ. "ಇವು ಅವ್ವನ ಚಪ್ಪಲಿ ಅಲ್ರೀ."

ಎಂಟು ಪುಟ ಬರೆದವಳು ನಾನು, ನಂಗೆ ಚಪ್ಪಲಿ ಕಂಡಿರ್ಲಿಲ್ಲ!

ಆ ಕುಂದಾಪುರದ ಹುಡುಗಿ ಬಿಡ್ತಾಳಾ. "ಚಪ್ಪಲಿ ಚಂಡಿ ಆಗ್ಲಿಲ್ಲಲ್ಲ ಟೀಚರ್? ಮಳೇಲಿ ಬಂದ್ರೆ ಚಂಡಿ ಆಗ್ಬೇಕಲ್ಲ?" ಯಾದಗಿರಿ ಹುಡುಗನಿಗೆ ಚಂಡಿ ಅಂದ್ರೇನು ಅಂತ ತಿಳೀಲಿಲ್ಲ, ಅವನು ಕೇಳಿದ್ದು ದೇವಿ ಹೆಸರು. ತೊಯ್ದದ್ದು ಅಂತ ನಾನು ಹೇಳಿದೆ, ಆಗ ಅವಳಿಗೆ ತೊಯ್ದದ್ದು ಅಂದ್ರೆ ಏನು ಅಂತ ಗೊತ್ತಾಗ್ಲಿಲ್ಲ. ಬೋರ್ಡ್ ಮೇಲೆ ಬರೆದ್ವಿ: ಒದ್ದೆ, ಹಸಿ, ಚಂಡಿ, ತೊಯ್ದದ್ದು, ಹಿಂದಿನ ಬೆಂಚಿಂದ ಒಬ್ಬ ಮರಾಠಿಯ ಓಲಾ ಸೇರಿಸಿದ. ಶಬ್ದಾರ್ಥ ಬರೆಸ್ತಿದ್ದೆ ನಾನು ವಾರಕ್ಕೆ ಇಪ್ಪತ್ತು, ಒಂದೂ ತಲೇಲಿ ನಿಲ್ತಿರ್ಲಿಲ್ಲ, ಈ ಐದು ಪದ ವರ್ಷ ಪೂರ್ತಿ ನಿಂತ್ವು. ಮಳೆಗಾಲ ಮುಗಿಯೋ ತನಕ ಆ ಯಾದಗಿರಿ ಹುಡುಗ ತನ್ನ ಬ್ಯಾಗ್ "ಚಂಡಿ" ಆಯ್ತು ಅಂತಲೇ ಹೇಳ್ತಿದ್ದ.

ಆಮೇಲೆ ಅವನ ಉತ್ತರ. "ಚಪ್ಪಲಿ ತೊಯ್ದಾವ, ಸರ್ ಬಣ್ಣ ಹಚ್ಚಿಲ್ಲ. ಛತ್ರಿ ನೋಡು, ನೀರು ಸೋರಾಕತ್ತದ."

ಅವಳು ಸುಮ್ನೆ ಕೂತ್ಲು ಅಂದ್ಕೊಂಡ್ರಾ? ಪುಸ್ತಕ ಕಿತ್ಕೊಂಡು ಹಿಂದಿನ ಪುಟಕ್ಕೆ ಹೋದಳು, ಬೆರಳಿಟ್ಟು ಓದಿದಳು, "ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಳು." ಒಬ್ಬಳೇ! ಅಂತ ಅವನ ಮುಖದ ಮುಂದೆ ಹಿಡಿದ್ಳು. ಈ ಹುಡುಗನಿಗೆ ಒತ್ತಕ್ಷರ ಬರ್ತಿರ್ಲಿಲ್ಲ. ಆರು ತಿಂಗಳಿಂದ ನಾನು ಕಲಿಸ್ತಾನೇ ಇದ್ದೆ. ಅವತ್ತು ಅವನಿಗೆ ಅವಳ ಮೇಲೆ ನಂಬಿಕೆ ಇಲ್ಲ, ಮೋಸ ಮಾಡ್ತಿದ್ದಾಳೆ ಅಂತ ಅನುಮಾನ, ಅದಕ್ಕೆ ಪುಸ್ತಕ ಇಸ್ಕೊಂಡು ತಾನೇ ಕೂಡಿಸೋಕೆ ಶುರು ಮಾಡಿದ. ಒ... ಬ... ಬ್ಬ... ಒಬ್ಬ... ಳೇ. ಎರಡು ನಿಮಿಷ ಆಯ್ತು. ಕ್ಲಾಸಲ್ಲಿ ಸದ್ದಿಲ್ಲ. ಓದಿ ಮುಗಿಸಿ ಒಂದ್ಸಲ ಎರಡನೇ ಪುಟ, ಒಂದ್ಸಲ ನಾಲ್ಕನೇ ಪುಟ ತಿರುವಿ ನೋಡಿದ. ಆಮೇಲೆ ಹೇಳಿದ, "ಇದು ಎರಡನೇ ಪುಟ. ಅದು ನಾಕನೇ ಪುಟ. ನಡುವ ಬಂದಾನ."

ನಡುವ ಬಂದಾನ! ನಾನು ಮನೆಗೆ ಹೋಗಿ ಅಡುಗೆ ಮಾಡುವಾಗಲೂ ಇದೇ ಮಾತು. ಎರಡು ಪುಟದ ಮಧ್ಯೆ ಸಮಯ ಹೋಗುತ್ತೆ, ಪುಟ ತಿರುಗಿಸೋ ಆ ಗಳಿಗೇಲಿ ಬರೆಯದೇ ಇರೋದು ಏನೋ ನಡೆಯುತ್ತೆ, ಅದನ್ನ ಓದೋನು ತುಂಬ್ಕೋಬೇಕು. ಇದಕ್ಕೆ ಟ್ರೇನಿಂಗ್‌ನಲ್ಲಿ ಊಹೆ, ಅನುಮಾನಾತ್ಮಕ ಗ್ರಹಿಕೆ ಅಂತೆಲ್ಲ ದೊಡ್ಡ ಹೆಸರು ಹೇಳ್ಕೊಡ್ತಾರೆ. ಮಾರನೇ ದಿನ ಡ್ರಾಯಿಂಗ್ ಸರ್‌ನ ಕೇಳಿದೆ, ಸರ್ ಆ ಚಪ್ಪಲಿ ಯಾರದ್ದು? ಅವರು ಟೀ ಕುಡೀತಾ ಅಂದ್ರು, "ಅಲ್ಲಿ ಜಾಗ ಖಾಲಿ ಕಾಣ್ತಿತ್ತು ಮೇಡಂ."

ಈಗ ಇಲ್ಲಿ ಕೆಲವರು ಮನಸ್ಸಲ್ಲಿ ಕೇಳ್ತಿದ್ದೀರಿ, ಹಂಗಾದ್ರೆ ಮಗು ಏನು ಹೇಳಿದ್ರೂ ಸರೀನಾ ಅಂತ. ಅಲ್ಲ. ಒಬ್ಬ ಅವತ್ತೇ ಹೇಳಿದ, ಪಪ್ಪ ಪೊಲೀಸು, ಗನ್ ಇದೆ ಅಂತ. ಎಲ್ಲಿದೆ ತೋರ್ಸು ಅಂದ್ರು ಉಳಿದ ಮಕ್ಕಳು. ತೋರಿಸೋಕೆ ಆಗ್ಲಿಲ್ಲ, ಕೂತ್ಕೊಂಡ. ನಾನು ತೀರ್ಪು ಕೊಡ್ಲಿಲ್ಲ, ಪುಸ್ತಕ ಕೊಡ್ತು. ನಂದು ಇವತ್ತಿನ ಮಾತೆಲ್ಲ ಇಷ್ಟೇ: "ಎಲ್ಲಿ ಕಾಣ್ತು, ತೋರ್ಸು." ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿದ್ದ ಫಿಲಿಪ್ ಯೆನವೈನ್, ಜೊತೆಗೆ ಅಬಿಗೇಲ್ ಹೌಸನ್ ಅನ್ನೋರು ಸೇರಿ ಚಿತ್ರ ನೋಡಿಸೋಕೆ ಮೂರು ಪ್ರಶ್ನೆ ಮಾಡಿದ್ದಾರೆ. ಈ ಚಿತ್ರದಲ್ಲಿ ಏನು ನಡೀತಿದೆ? ಏನು ನೋಡಿ ಹಂಗಂತೀಯಾ? ಇನ್ನೇನು ಕಾಣುತ್ತೆ? ಮೂರೂ ಒಳ್ಳೇದೇ, ಆದ್ರೆ ಪ್ರಾಣ ಇರೋದು ನಡುವಿನದರಲ್ಲಿ. ಮೊದಲನೇದು ಎಲ್ಲರೂ ಕೇಳ್ತೀವಿ, ಮಗು ಉತ್ತರ ಹೇಳುತ್ತೆ, ಗುಡ್ ಅಂತೀವಿ, ಮುಂದಿನ ಪುಟ. ಆ ಗುಡ್ ಅನ್ನೋ ಜಾಗದಲ್ಲಿ ಎಲ್ಲಿ ಕಾಣ್ತು ಅನ್ನಿ, ಅಷ್ಟು ಸಾಕು.

ಒಳ್ಳೇ ಚಿತ್ರ ಪುಸ್ತಕ ಮಾಡೋರು ಈ ಕೆಲಸ ಬೇಕಂತಲೇ ಮಾಡ್ತಾರೆ, ನಮ್ಮ ಸರ್ ಥರ ಜಾಗ ತುಂಬಿಸೋಕಲ್ಲ. 1968ರಲ್ಲಿ ಪ್ಯಾಟ್ ಹಚಿನ್ಸ್ ಅನ್ನೋ ಇಂಗ್ಲೆಂಡಿನ ಹೆಂಗಸು ಮಾಡಿದ ರೋಸೀಸ್ ವಾಕ್ ಅಂತ ಒಂದಿದೆ. ಒಂದು ಕೋಳಿ ಅಂಗಳ ಎಲ್ಲ ಅಡ್ಡಾಡಿ ಊಟದ ಹೊತ್ತಿಗೆ ಮನೆಗೆ ಬರುತ್ತೆ. ಇಡೀ ಪುಸ್ತಕಕ್ಕೆ ಒಂದೇ ವಾಕ್ಯ, 32 ಪದ. ಚಿತ್ರದಲ್ಲಿ ಕೋಳಿ ಹಿಂದೆ ಉದ್ದಕ್ಕೂ ಒಂದು ನರಿ ಬರ್ತಿದೆ, ಪ್ರತೀ ಸಲ ಏನಾದ್ರೊಂದು ಫಜೀತಿಗೆ ಸಿಕ್ಕಾಕೊಳ್ಳುತ್ತೆ. 32 ಪದದಲ್ಲಿ ನರಿ ಅನ್ನೋ ಪದವೇ ಇಲ್ಲ! ಚಿತ್ರ ಮುಚ್ಚಿ ಓದಿ ನೋಡಿ, ಕೋಳಿ ವಾಕಿಂಗ್ ಹೋದ ಕಥೆ, ನಮ್ಮ ಶಿವಾಜಿ ಪಾರ್ಕ್ ಕಟ್ಟೆ ಮೇಲಿನ ಅಜ್ಜಂದಿರ ಥರ. ಚಿತ್ರ ಬಿಚ್ಚಿ, ಮಕ್ಕಳು ಹಿಂದೆ ನೋಡು ಹಿಂದೆ ನೋಡು ಅಂತ ಕಿರುಚ್ತಾರೆ.

ಇದೇನೋ ಹೊಸ ಫ್ಯಾಷನ್ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ಒಬ್ಬರು ಅಂದ್ರು. 1658ರಲ್ಲೇ ಕೊಮೇನಿಯಸ್ ಅನ್ನೋ ಮೇಷ್ಟ್ರು ಮಕ್ಕಳಿಗೆ ಲ್ಯಾಟಿನ್ ಕಲಿಸೋಕೆ ಚಿತ್ರದ ಪುಸ್ತಕ ಮಾಡಿದ್ದ, ಎಲ್ಲಿ ಹೊಸದು? ನಮ್ಮ ಕಾರ್ಕಳದ ಅನಂತ ಪೈ ಇದೇ ಮುಂಬೈನಲ್ಲಿ ಕೂತು 1967ರಲ್ಲಿ ಅಮರ ಚಿತ್ರ ಕಥೆ ಶುರು ಮಾಡಿದ್ರು. ನಾನು ಅದನ್ನ ಓದ್ತಿದ್ರೆ ನಮ್ಮಪ್ಪ ಕಿತ್ಕೊಂಡು "ಬೊಂಬೆ ನೋಡಿದ್ದು ಸಾಕು, ಪುಸ್ತಕ ತಗೋ" ಅಂತಿದ್ರು. ನನ್ನ ಎಡಗೈ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ.

ಕ್ಲಾಸಲ್ಲಿ ಹೆಂಗೆ ಮಾಡೋದು ಅಂತ... ಎಷ್ಟಿದೆ ಟೈಮು? ಹತ್ತು ನಿಮಿಷ? ಚೀಟಿಯಲ್ಲಿ ಐದು ಅಂತ ಬರೆದಿದೆ. ಇಲ್ಲಿ ಏಳು ಪಾಯಿಂಟ್ ಬರ್ಕೊಂಡು ಬಂದಿದ್ದೆ, ಈಗ ಓಡ್ಸ್ತೀನಿ.

ನಲವತ್ತು ಮಕ್ಕಳು, ಒಂದೇ ಪುಸ್ತಕ ಅನ್ನೋದು ಎಲ್ಲರ ಕಷ್ಟ. ನಲವತ್ತು ಜನಕ್ಕೆ ಒಟ್ಟಿಗೆ ಮಾಡ್ಬೇಡಿ, ಚಪ್ಪಲಿ ಕಾಣಲ್ಲ. ಅರ್ಧ ಕ್ಲಾಸಿಗೆ ಬರೆಯೋ ಕೆಲಸ ಕೊಟ್ಟು ಉಳಿದವರನ್ನ ನೆಲದ ಮೇಲೆ ಅರ್ಧ ಚಂದ್ರದ ಥರ ಕೂರ್ಸಿ, ನೀವೂ ಕೆಳಗೆ ಕೂತ್ಕೊಳ್ಳಿ, ಮಂಡಿ ನೋವಿದ್ರೆ ಸಣ್ಣ ಸ್ಟೂಲ್, ಪುಸ್ತಕ ಮಗುವಿನ ಕಣ್ಣಿನ ಮಟ್ಟಕ್ಕೆ. ಮೊದಲನೇ ಸಲ ಓದೋವಾಗ ನಿಲ್ಲಿಸಿ ನಿಲ್ಲಿಸಿ ಪ್ರಶ್ನೆ ಕೇಳ್ಬೇಡಿ, ಕಥೆ ಸತ್ತೋಗುತ್ತೆ. ಪುಟ ತಿರುಗಿಸೋ ಮುಂಚೆ ಒಂದು ಉಸಿರು ತಡೀರಿ. ಎರಡನೇ ದಿನ ಅದೇ ಪುಸ್ತಕ, ಮೂರನೇ ದಿನಾನೂ ಅದೇ. ಬೇಜಾರಾಗೋದು ನಮಗೆ, ಮಕ್ಕಳಿಗಲ್ಲ, ಅವರು ಮೂರನೇ ಸಲಕ್ಕೇ ಛತ್ರಿ ಹನಿ ಎಣಿಸೋದು.

ಉತ್ತರಕ್ಕೆ ಯಾವ ಭಾಷೆ ಬೇಕಾದ್ರೂ ಬರ್ಲಿ, ತುಳು, ಮರಾಠಿ, ಬರ್ಲಿ. ಯೋಚನೆ ಮೊದ್ಲು ಬರುತ್ತೆ, ಕನ್ನಡ ಪದ ಹಿಂದೆ ಬರುತ್ತೆ, ನೀವು ಅದನ್ನೇ ಕನ್ನಡದಲ್ಲಿ ಒಂದ್ಸಲ ಹೇಳಿದ್ರೆ ಸಾಕು.

ಪುಸ್ತಕ ಎಲ್ಲಿ ಸಿಗುತ್ತೆ ಅಂದ್ರೆ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ 2015ರಿಂದ ಇದೆ, ಕನ್ನಡದ್ದೂ ಇದಾವೆ, ಫ್ರೀ, ಓದೋ ಮಟ್ಟದ ಪ್ರಕಾರ ಹುಡುಕಬಹುದು. ತೂಲಿಕಾ ಪ್ರಕಾಶನದವರ ಕನ್ನಡ ಪುಸ್ತಕಗಳಿವೆ, ನ್ಯಾಷನಲ್ ಬುಕ್ ಟ್ರಸ್ಟ್‌ನವು ಕಡಿಮೆ ಬೆಲೆಗೆ ಸಿಗ್ತವೆ. ಪ್ರಿಂಟ್ ತೆಗೆಸಿದ್ರೆ ದಯವಿಟ್ಟು ಕಲರ್. ನಾನು ಒಂದ್ಸಲ ದುಡ್ಡು ಉಳಿಸೋಕೆ ಕಪ್ಪು ಬಿಳುಪು ಝೆರಾಕ್ಸ್ ಮಾಡಿಸಿದೆ, ಯಾವ ಮಾವಿನಹಣ್ಣು ಕಳಿತಿದೆ ಅನ್ನೋದೇ ಕಥೆ, ಎಲ್ಲಾ ಹಣ್ಣೂ ಬೂದಿ ಬಣ್ಣ, ನಲವತ್ತು ಮಕ್ಕಳು ನನ್ನನ್ನೇ ನೋಡ್ತಿದ್ದಾರೆ.

ಪರೀಕ್ಷೆ ಬಗ್ಗೆ, ಕೇಂದ್ರ ಸರ್ಕಾರದ ನಿಪುಣ್ ಭಾರತ್ ಅನ್ನೋ ಓದು-ಲೆಕ್ಕದ ಯೋಜನೆ 2021ರಲ್ಲಿ ಬಂದಾಗಿಂದ ಮೂರನೇ ಕ್ಲಾಸ್ ಮುಗಿಯೋದ್ರೊಳಗೆ ಅರ್ಥ ಮಾಡ್ಕೊಂಡು ಓದ್ಬೇಕು, 2026-27ರ ಗುರಿ ಅಂತ ಎಲ್ಲ ಕಡೆ ಬೋರ್ಡ್ ಹಾಕಿದ್ದಾರೆ, ಅರ್ಥ ಅನ್ನೋ ಪದ ಬೋರ್ಡಲ್ಲಿದೆ, ಆದ್ರೆ ಚೆಕಿಂಗಿಗೆ ಬರೋರು ಸ್ಟಾಪ್‌ವಾಚ್ ಹಿಡ್ಕೊಂಡು ನಿಮಿಷಕ್ಕೆ ಎಷ್ಟು ಪದ ಅಂತ... ಬೇಡ, ಇದು ಶುರು ಮಾಡಿದ್ರೆ ಊಟ ತಣ್ಣಗಾಗುತ್ತೆ. ಐದು, ಆರು ಬಿಟ್ಟೆ. ಏಳನೇದು ಅಕ್ಷರ ಇಲ್ಲದ ಪುಸ್ತಕಗಳ ಬಗ್ಗೆ, ಅದಕ್ಕೆ ಇನ್ನೊಂದ್ಸಲ ಕರೀರಿ, ಬರ್ತೀನಿ.

ಸರಿ ಸರಿ, ಮೈಕ್ ಕೊಟ್ಟೆ. ಆ ಬೆಕ್ಕಿನ ಪುಸ್ತಕ ತಂದಿದ್ದೀನಿ, ಹಿಂದಿನ ಟೇಬಲ್ ಮೇಲಿದೆ, ದಾರ ಸಡಿಲ ಆಗಿದೆ, ಹುಷಾರು. ಊಟಕ್ಕೆ ಮುಂಚೇನೇ ನೋಡ್ಬಿಡಿ, ಸಾಂಬಾರ್ ಕೈ ಹಾಕಿದ್ರೆ ನಾಲ್ಕನೇ ಪುಟದಲ್ಲಿ ಇನ್ನೊಂದು ಕಲೆ ಆಗುತ್ತೆ, ಮುಂದಿನ ವರ್ಷದ ಮಕ್ಕಳು ಅದಕ್ಕೂ ಒಂದು ಕಾರಣ ಕಂಡುಹಿಡೀತಾರೆ.