ಹರಾಜಿನಲ್ಲಿ ಗೆದ್ದವರೇ ಸೋಲುವುದು ಯಾಕೆ?

ಕೇಳುಗರೇ, ನಮಸ್ಕಾರ.

ಒಂದು ಜಾಡಿಯ ತುಂಬ ಚಿಲ್ಲರೆ ನಾಣ್ಯ ಇದೆ ಅಂದುಕೊಳ್ಳಿ. ಒಳಗೆ ಎಷ್ಟು ದುಡ್ಡಿದೆ ಅಂತ ಯಾರೂ ಹೇಳುವುದಿಲ್ಲ. ಕಣ್ಣಂದಾಜಿನಲ್ಲಿ ಒಂದು ಮೊತ್ತ ಬರೆದು ಮಡಚಿ ಕೊಡಬೇಕು. ಎಲ್ಲರಿಗಿಂತ ಜಾಸ್ತಿ ಬರೆದವರು ಅಷ್ಟು ಕೊಟ್ಟು, ಜಾಡಿಯಲ್ಲಿ ಇದ್ದಷ್ಟು ದುಡ್ಡು ತಗೊಂಡು ಹೋಗಬಹುದು. ನೀವಾಗಿದ್ದರೆ ಎಷ್ಟು ಬರೆಯುತ್ತಿದ್ದಿರಿ?

ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಸ್ ಬೇಜರ್‌ಮನ್ ಮತ್ತು ವಿಲಿಯಂ ಸ್ಯಾಮ್ಯುಯೆಲ್ಸನ್ ಇದನ್ನು ಎಂಬಿಎ ವಿದ್ಯಾರ್ಥಿಗಳ ಮುಂದೆ ಇಟ್ಟರು. ಫಲಿತಾಂಶ ಪ್ರಕಟವಾದದ್ದು 1983ರಲ್ಲಿ. ಕೆಲವು ಜಾಡಿಗಳಲ್ಲಿ ನಾಣ್ಯ, ಕೆಲವದರಲ್ಲಿ ಪೇಪರ್ ಕ್ಲಿಪ್ಪು, ಒಂದೊಂದು ಜಾಡಿಯ ಒಟ್ಟು ಬೆಲೆಯೂ ಸರಿಯಾಗಿ 8 ಡಾಲರ್. ವಿದ್ಯಾರ್ಥಿಗಳ ಸರಾಸರಿ ಅಂದಾಜು 5.13 ಡಾಲರ್. ಅಂದರೆ ಒಟ್ಟಾರೆ ಕಡಿಮೆಯೇ ಅಂದಾಜು ಮಾಡಿದ್ದರು. ಆದರೆ ಗೆದ್ದವರು ಬರೆದುಕೊಟ್ಟ ಮೊತ್ತದ ಸರಾಸರಿ 10.01 ಡಾಲರ್!

ನನಗೆ ತುಂಬ ಹಿಡಿಸಿದ್ದು ಇದೇ. ಇಡೀ ತರಗತಿ ದುಡುಕಬೇಕಾಗಿಲ್ಲ, ನಲವತ್ತು ಜನರಲ್ಲಿ ಒಬ್ಬರು ಹೆಚ್ಚು ಆಸೆಯಿಂದ ಲೆಕ್ಕ ಹಾಕಿದರೆ ಸಾಕು, ಹರಾಜು ಹುಡುಕಿಕೊಂಡು ಹೋಗಿ ಅವರನ್ನೇ ಗೆಲ್ಲಿಸುತ್ತದೆ. ಗೆದ್ದೆ ಅಂದರೆ ಏನರ್ಥ? ಉಳಿದವರೆಲ್ಲ ಇದಕ್ಕೆ ಇಷ್ಟು ಬೆಲೆ ಇಲ್ಲ ಅಂದುಕೊಂಡಿದ್ದರು ಅಂತ ಅಲ್ವಾ?

ಮೊದಲು ಇದನ್ನು ಬರೆದಿಟ್ಟವರು ಎಣ್ಣೆ ಕಂಪನಿಯ ಎಂಜಿನಿಯರುಗಳು, 1971ರಲ್ಲಿ. ನೆಲದಡಿ ಎಷ್ಟು ಎಣ್ಣೆ ಇದೆ ಅನ್ನುವುದೂ ಜಾಡಿಯ ಲೆಕ್ಕವೇ ತಾನೇ. 1969ರಲ್ಲಿ ಅಲಾಸ್ಕಾದ ಎಣ್ಣೆ ನೆಲಗಳ ಹರಾಜಿನಲ್ಲಿ ಗೆದ್ದ ಕೂಗುಗಳೆಲ್ಲ ಸೇರಿ 90 ಕೋಟಿ ಡಾಲರ್, ಎರಡನೇ ಸ್ಥಾನದವು ಸೇರಿ 37 ಕೋಟಿ ಮಾತ್ರ.

ಲೆಕ್ಕ ಬರದೇ ಹೀಗಾಗುತ್ತದಾ? 2008ರ ಒಂದು ಪ್ರಯೋಗದಲ್ಲಿ ಸರಿಯಾಗಿ ಕೂಗುವ ದಾರಿಯನ್ನೇ ಜನರಿಗೆ ಹೇಳಿಕೊಟ್ಟರು. ಎದುರಾಳಿ ಕಂಪ್ಯೂಟರ್ ಆದಾಗ ಅವರು ಲೆಕ್ಕಕ್ಕೆ ಹತ್ತಿರವೇ ಇದ್ದರು. ಎದುರಿಗೆ ಮನುಷ್ಯರು ಬಂದರೋ, ದಾರಿ ಗೊತ್ತಿದ್ದೂ ಜಾಸ್ತಿ ಕೂಗಿದರು. ಅವರಿಗೆ ಬೇಕಾಗಿದ್ದದ್ದು ಬರೀ ದುಡ್ಡಲ್ಲ, ಇನ್ನೊಬ್ಬರ ಮುಂದೆ ಗೆಲ್ಲುವುದು ಕೂಡ ಅಂತ ನನಗನ್ನಿಸುತ್ತದೆ.

ಜಾತ್ರೆಯಲ್ಲಿ ದೇವರ ತೆಂಗಿನಕಾಯಿಯನ್ನು ಸಾವಿರಾರು ರೂಪಾಯಿಗೆ ಕೂಗುತ್ತಾರಲ್ಲ, ಅದನ್ನು ಇದಕ್ಕೆ ಸೇರಿಸಬೇಡಿ. ಅಲ್ಲಿ ಬೆಲೆ ಇರುವುದು ಭಕ್ತಿಗೆ, ಕಾಯಿಗಲ್ಲ. ಆದರೆ ಸೈಟಿನ ಹರಾಜು ಹಾಗಲ್ಲ. ಬೆಂಗಳೂರಿನಲ್ಲಿ ಬಿಡಿಎ ಮೂಲೆ ಸೈಟುಗಳನ್ನು ಈಗ ಇ-ಹರಾಜಿನಲ್ಲಿ ಮಾರುತ್ತದೆ. ಎದುರಾಳಿಯ ಮುಖ ಕಾಣುವುದಿಲ್ಲ, ಪರದೆಯ ಮೇಲೆ ಅಂಕಿ ಮಾತ್ರ ಏರುತ್ತಾ ಹೋಗುತ್ತದೆ. ಹಾಗೆ ಕೂತು ಗುಂಡಿ ಒತ್ತುವಾಗ ನಮ್ಮ ಮನಸ್ಸು ಆಚೆ ಇರುವುದನ್ನು ಯಂತ್ರ ಅಂದುಕೊಳ್ಳುತ್ತದೋ, ಮನುಷ್ಯ ಅಂದುಕೊಳ್ಳುತ್ತದೋ? ಈ ಪ್ರಯೋಗವನ್ನು ಯಾರಾದರೂ ಇಲ್ಲೇ, ನಮ್ಮ ಊರಲ್ಲೇ ಮಾಡಿ ನೋಡಬೇಕು ಅಂತ ನನಗೆ ತುಂಬ ಆಸೆ.

ನಮಸ್ಕಾರ.